ಟರ್ಮಿನೇಟರ್ ಪಾರ್ಟ್‌ಗಳಿಗೆ ನಾನು ಮಾರ್ಕ್ಸ್ ಹಾಕಿದ್ದು, ಹಾಕಿದ್ದನ್ನ ಅಳಿಸಿದ್ದು

ರಜಾಕ್ಕೆ ದಾವಣಗೆರೆಲಿ ಚಿಕ್ಕಪ್ಪನ ಮನೆಗೆ ಹೋದ್ರೆ ವಿಸಿಪಿ ಬಾಡಿಗೆಗೆ ತರೋರು, ರಾತ್ರಿಗೆ ಮೂರು ಕ್ಯಾಸೆಟ್, ಅದ್ರಲ್ಲಿ ಒಂದು ರಾಜ್‌ಕುಮಾರ್ ಪಿಕ್ಚರ್ ಇರ್ಲೇಬೇಕು ಅನ್ನೋದು ಚಿಕ್ಕಮ್ಮನ ಕಂಡೀಷನ್, ಉಳಿದಿದ್ದು ಹುಡುಗರ ಇಷ್ಟ. ಹಂಗೆ ನೋಡಿದ್ದು ಟರ್ಮಿನೇಟರ್ 2, ಭವಿಷ್ಯದಿಂದ ಬರೋ ಮನುಷ್ಯರೂಪದ ಯಂತ್ರಗಳ ಇಂಗ್ಲಿಷ್ ಪಿಕ್ಚರ್. ನಮಗೆ ಅದು ‘ಅರ್ನಾಲ್ಡ್ ಪಿಕ್ಚರ್’ ಅಷ್ಟೆ, ಅದಕ್ಕೂ ಮುಂಚೆ 1984ರಲ್ಲಿ ಒಂದು ಬಂದಿದೆ ಅಂತಾನೂ ಗೊತ್ತಿರ್ಲಿಲ್ಲ. ಬೇಕಾದ ರೂಪ ತಾಳ್ಕೊಂಡು ಕರಗಿದ ಪಾದರಸದ ಥರ ಹರಿಯೋ ಆ ಪೊಲೀಸ್ ವೇಷದ ಯಂತ್ರನ ನೋಡಿ ವಾರಗಟ್ಲೆ ಬಚ್ಚಲುಮನೆಗೆ ಒಬ್ನೇ ಹೋಗ್ತಿರ್ಲಿಲ್ಲ ನಾನು.

ಅದಾದ್ಮೇಲೆ 2003ರಲ್ಲಿ ಮೂರನೇ ಪಾರ್ಟ್ ಬಂತು, ಕಾಲೇಜಿನವರೆಲ್ಲ ಗುಂಪು ಕಟ್ಕೊಂಡು ಹೋಗಿದ್ವಿ, ಆ ಥಿಯೇಟರಲ್ಲಿ ಒಂದು ಕಡೆ ಸ್ಪೀಕರ್ ಕೆಟ್ಟು ಗೊರಗೊರ ಅಂತಿತ್ತು, ಇಂಟರ್‌ವಲ್‌ನಲ್ಲೇ ನಾವು ‘ಡಬ್ಬಾ’ ಅಂತ ತೀರ್ಪು ಕೊಟ್ಟಾಗಿತ್ತು. ಹತ್ತಕ್ಕೆ ಮೂರು ಅಂದೆ ನಾನು, ಬೈಕ್ ಸ್ಟ್ಯಾಂಡಲ್ಲಿ ನಿಂತು. ಹದಿನಾರು ವರ್ಷ ಆ ಮಾರ್ಕ್ಸ್‌ನ ಮುಟ್ಲೇ ಇಲ್ಲ.

2019ರಲ್ಲಿ ಡಾರ್ಕ್ ಫೇಟ್ ಅನ್ನೋ ಹೊಸ ಪಾರ್ಟ್ ಬರುತ್ತೆ, ಮೊದಲೆರಡನ್ನ ಡೈರೆಕ್ಟ್ ಮಾಡಿದ ಜೇಮ್ಸ್ ಕ್ಯಾಮರೂನ್ ಪ್ರೊಡ್ಯೂಸರ್ ಆಗಿ ವಾಪಸ್ ಬರ್ತಿದಾನೆ, ಹೀರೋಯಿನ್ ಸಾರಾ ಕಾನರ್ ಪಾತ್ರಕ್ಕೆ ಮೊದಲಿನ ಲಿಂಡಾ ಹ್ಯಾಮಿಲ್ಟನ್ನೂ ಇದಾಳೆ ಅಂದಾಗ ಈ ಸಲ ಆದ್ರೂ ನೆಟ್ಟಗೆ ನೋಡೋಣ ಅನ್ಸ್ತು. ಮೊದಲು ಮಾಡಿದ ಕೆಲಸ ಅಂದ್ರೆ ಹಳೇವನ್ನ ಮತ್ತೆ ನೋಡೋದಲ್ಲ, ನೋಡೋಕೂ ಮುಂಚೆ ನೆನಪಲ್ಲಿ ಏನಿದೆ ಅಂತ ಒಂದು ನೋಟ್‌ಬುಕ್‌ನಲ್ಲಿ ಬರ್ಕೊಂಡಿದ್ದು. ಇದನ್ನ ಯಾರೂ ಹೇಳ್ಕೊಡ್ಲಿಲ್ಲ, ಸುಮ್ನೆ ತಲೆಗೆ ಬಂತು, ಆದ್ರೆ ಇದರಿಂದ ಆದಷ್ಟು ಉಪಯೋಗ ಬೇರೆ ಯಾವುದರಿಂದಲೂ ಆಗ್ಲಿಲ್ಲ. ಎರಡನೇ ಪಾರ್ಟ್ ಬಗ್ಗೆ ‘ಪೂರ್ತಿ ಗ್ರಾಫಿಕ್ಸ್, ಅದಕ್ಕೇ ಸೂಪರ್’ ಅಂತ ಬರ್ದಿದ್ದೆ. ಆಮೇಲೆ ಓದಿ ತಿಳ್ಕೊಂಡ್ರೆ 137 ನಿಮಿಷದ ಪಿಕ್ಚರಲ್ಲಿ ಕಂಪ್ಯೂಟರಲ್ಲಿ ಮಾಡಿದ್ದು ಐದು ನಿಮಿಷದ ಆಸುಪಾಸಂತೆ, ಮಿಕ್ಕ ಎಫೆಕ್ಟ್‌ಗಳಲ್ಲಿ ಎಷ್ಟೋ ಸ್ಟಾನ್ ವಿನ್‌ಸ್ಟನ್ ಅನ್ನೋ ಎಫೆಕ್ಟ್ಸ್ ಕಲಾವಿದನ ತಂಡದ ಬೊಂಬೆ, ರಬ್ಬರು, ಮೇಕಪ್ಪು. ಆಸ್ಪತ್ರೆಲಿ ಕಾಫಿ ಮಷಿನ್ ಹತ್ರ ಗಾರ್ಡ್ ಎದುರಿಗೆ ಅವನದೇ ರೂಪ ಬಂದು ನಿಲ್ಲುತ್ತಲ್ಲ, ಅಲ್ಲಿ ನಿಂತಿರೋರು ನಿಜವಾದ ಅವಳಿ ಜವಳಿ! ಅಂದ್ರೆ ಇಷ್ಟು ವರ್ಷ ಹೊಸ ಹೊಸ ಪಾರ್ಟ್‌ಗಳನ್ನ ನಾನು ಹೋಲಿಸ್ತಿದ್ದಿದ್ದು ಹಳೇ ಪಿಕ್ಚರ್ ಜೊತೆ ಅಲ್ಲ, ಬಚ್ಚಲುಮನೆಗೆ ಹೋಗೋಕೆ ಹೆದರ್ತಿದ್ದ ಆ ಹುಡುಗನ ಜೊತೆ. ಅವನ್ನ ಯಾವ ಡೈರೆಕ್ಟರ್ ತಾನೆ ಗೆಲ್ತಾನೆ ಹೇಳಿ.

ಎರಡನೇ ಕೆಲಸಕ್ಕೆ ಅಕ್ಕನ ಮಗನ್ನ ಹಿಡ್ಕೊಂಡೆ, ಆಗ ಪಿಯುಸಿ ಓದ್ತಿದ್ದ, ಈ ಸರಣಿಯ ಒಂದನ್ನೂ ನೋಡಿರ್ಲಿಲ್ಲ. ಒಂದು ಶನಿವಾರ ಮೊದಲನೇದು, ಮುಂದಿನ ಶನಿವಾರ ಎರಡನೇದು, ಟ್ರೈಲರ್ ನೋಡೋ ಹಾಗಿಲ್ಲ, ಗೂಗಲ್ ಮಾಡೋ ಹಾಗಿಲ್ಲ. ಮೊದಲನೇದು ಮುಗಿದ ಮೇಲೆ ಅವನು ಅಂದಿದ್ದು, “ಮಾಮ, ಇದು ಸೈನ್ಸ್ ಫಿಕ್ಷನ್ ಅಲ್ಲ, ದೆವ್ವದ ಪಿಕ್ಚರ್.” ನಿಜ ಕಣ್ರೀ. ಸುಮಾರು 64 ಲಕ್ಷ ಡಾಲರ್‌ನಲ್ಲಿ ರಾತ್ರಿ ಹೊತ್ತು ಲಾಸ್ ಏಂಜಲೀಸ್ ಬೀದಿಗಳಲ್ಲಿ ತೆಗೆದಿರೋದು, ಫೋನ್ ಡೈರೆಕ್ಟರಿ ಹಿಡ್ಕೊಂಡು ಸಾರಾ ಕಾನರ್ ಅನ್ನೋ ಹೆಸರಿನವರನ್ನೆಲ್ಲ ಒಬ್ಬೊಬ್ಬರಾಗಿ ಕೊಂದ್ಕೊಂಡು ಬರೋ ಒಂದು ಯಂತ್ರ, ಆ ಯಂತ್ರ ಅರ್ನಾಲ್ಡ್, ಅಷ್ಟೆ ಕಥೆ.

ಆ ಹೆದರಿಕೆ ಇಟ್ಕೊಂಡೇ ಅವನು ಎರಡನೇದಕ್ಕೆ ಕೂತ. ಶಾಪಿಂಗ್ ಮಾಲ್ ಹಿಂದಿನ ಆ ಉದ್ದನೇ ಓಣಿ, ನಡುವೆ ಸಾರಾ ಮಗ, ಹುಡುಗ ಜಾನ್, ಒಂದು ಕಡೆಯಿಂದ ಅರ್ನಾಲ್ಡ್ ಗುಲಾಬಿ ಹೂವಿನ ಡಬ್ಬದಿಂದ ಗನ್ ತೆಗೀತಾ ಬರ್ತಾನೆ, ಇನ್ನೊಂದು ಕಡೆ ಆ ಪೊಲೀಸ್. ನಮ್ಮ ಹುಡುಗ ಸೋಫಾದಿಂದ ಎದ್ದು ನಿಂತು “ಏಯ್ ಓಡೋ!” ಅಂತ ಕೂಗ್ದ, ಪೊಲೀಸ್ ಕಡೆಗೆ ಓಡು ಅಂತ! ಆಮೇಲೆ ಅರ್ನಾಲ್ಡ್ ‘ಕೆಳಗೆ ಬಗ್ಗು’ ಅಂದು ಹುಡುಗನ್ನ ಬಿಟ್ಟು ಆ ಪೊಲೀಸ್‌ಗೆ ಹೊಡೆದಾಗ ಇವನ ಮುಖ ನೋಡ್ಬೇಕಿತ್ತು ನೀವು. ಕ್ಯಾಮರೂನ್ ಮೊದಲ ಅರ್ಧ ಗಂಟೆ ಯಾರು ಒಳ್ಳೇವರು ಯಾರು ಕೆಟ್ಟವರು ಅಂತ ಬಿಟ್ಟುಕೊಡದೆ ಎಳೆದಿರೋದೇ ಈ ಒಂದು ಘಳಿಗೆಗೆ. 1991ರಲ್ಲಿ ಅದರ ಪ್ರಚಾರದವರೇ ಅರ್ನಾಲ್ಡ್ ಈ ಸಲ ಒಳ್ಳೇವನು ಅಂತ ಮೊದ್ಲೇ ಡಂಗುರ ಹೊಡೆದಿದ್ರು, ನಾವು ಕ್ಯಾಸೆಟ್ ಮೇಲಿನ ಚಿತ್ರ ನೋಡೇ ತಿಳ್ಕೊಂಡಿದ್ವಿ, ಹಾಗಾಗಿ ಆ ಸೀನ್‌ನ ನಿಜವಾದ ರುಚಿ ನೋಡಿದ್ದು ಎಷ್ಟೋ ವರ್ಷ ಆದ್ಮೇಲೆ ಹುಟ್ಟಿದ, ಕಥೆ ಗೊತ್ತಿಲ್ದೇ ಇರೋ ಇವನು. ಅವತ್ತಿಂದ ನಾನು ಯಾವ ಸೀಕ್ವೆಲ್‌ದೂ ಟ್ರೈಲರ್ ನೋಡಲ್ಲ.

ಅವತ್ತೇ ಇನ್ನೊಂದು ಕಣ್ಣಿಗೆ ಬಿತ್ತು. ಮೊದಲನೇದ್ರಲ್ಲಿ ಡಾನ್ಸ್ ಕ್ಲಬ್‌ನಲ್ಲಿ ಸಾರಾ ಹಣೆ ಮೇಲೆ ಗನ್ನಿನ ಕೆಂಪು ಲೇಸರ್ ಚುಕ್ಕಿ ಬೀಳುತ್ತೆ. ಎರಡನೇದ್ರಲ್ಲಿ ಅದೇ ಕೆಂಪು ಚುಕ್ಕಿ ಡೈಸನ್ ಅನ್ನೋ ಇಂಜಿನಿಯರ್ ಬೆನ್ನ ಮೇಲೆ (ಮುಂದೆ ಮನುಷ್ಯರ ಮೇಲೇ ತಿರುಗಿ ಬೀಳೋ ಸ್ಕೈನೆಟ್ ಅನ್ನೋ ಕಂಪ್ಯೂಟರ್‌ಗೆ ಇವನ ಕೆಲಸವೇ ಕಾರಣ), ಈ ಸಲ ಗನ್ ಹಿಡಿದಿರೋಳು ಸಾರಾ, ಹೆಂಡ್ತಿ ಮಗು ಇರೋ ಮನೆಲಿ. ಅವಳೇ ಟರ್ಮಿನೇಟರ್ ಆಗೋಗಿದಾಳೆ! ಒಂದು ಡೈಲಾಗ್ ಇಲ್ಲ, ಒಂದು ಚುಕ್ಕಿಲಿ ಹೇಳ್ಬಿಟ್ಟ. ನೋಟ್‌ಬುಕ್‌ನಲ್ಲಿ ಅವತ್ತು ಬರ್ದಿದ್ದು ಇಷ್ಟೇ: ಹಳೇದನ್ನ ತರಲಿ, ಬೇಡ ಅನ್ನಲ್ಲ, ತಂದಾಗ ಅದರ ಅರ್ಥ ಬದಲಾಗಿದ್ಯಾ?

ಈ ಪ್ರಶ್ನೆ ಇಟ್ಕೊಂಡು ಮೂರನೇದನ್ನ ಮತ್ತೆ ನೋಡ್ದೆ. ಅರ್ನಾಲ್ಡ್‌ಗೆ ನಕ್ಷತ್ರದ ಆಕಾರದ ಕನ್ನಡಕ ಹಾಕ್ಸಿ ನಗಿಸೋದೆಲ್ಲ ಹಳೇ ಸಾರಿಗೆ ನೀರು ಬೆರೆಸಿದ ಹಾಗೆ, ಅದ್ರಲ್ಲಿ ನನ್ನ ತೀರ್ಪು ತಪ್ಪಿರ್ಲಿಲ್ಲ. ಆದ್ರೆ ಕೊನೇ ಹತ್ತು ನಿಮಿಷ! ಸ್ಕೈನೆಟ್‌ನ ಒಡೆದು ಹಾಕ್ತೀವಿ ಅಂತ ದೊಡ್ಡವನಾದ ಜಾನ್ ಮತ್ತೆ ಅವನ ಜೊತೆಗಾತಿ ಕೇಟ್ ಬೆಟ್ಟದೊಳಗಿನ ಬಂಕರ್‌ಗೆ ಓಡ್ತಾರೆ, ಒಳಗೆ ಹೋದ್ರೆ ಒಡೆಯೋಕೆ ಏನೂ ಇಲ್ಲ, ಹಳೇ ಕಾಲದ ಧೂಳು ಹಿಡಿದ ಮಷಿನ್‌ಗಳು ಅಷ್ಟೆ, ಸ್ಕೈನೆಟ್ ಅನ್ನೋದು ಪ್ರಪಂಚದ ಕಂಪ್ಯೂಟರ್‌ಗಳಲ್ಲೆಲ್ಲ ಹರಡಿರೋ ಸಾಫ್ಟ್‌ವೇರ್. ಇವರನ್ನ ಅಲ್ಲಿಗೆ ಕಳಿಸಿದ್ದು ಗೆಲ್ಲೋಕಲ್ಲ, ಬದುಕಿ ಉಳೀಲಿ ಅಂತ. ಹೊರಗೆ ಬಾಂಬ್‌ಗಳು ಬೀಳ್ತಾವೆ, ಪಿಕ್ಚರ್ ಮುಗಿಯುತ್ತೆ. ಕೋಟಿಗಟ್ಲೆ ಡಾಲರ್ ಹಾಕಿದ ಕಮರ್ಷಿಯಲ್ ಪಿಕ್ಚರ್‌ನ ಹೀರೋ ಸೋತ ಕಡೆ ನಿಲ್ಸೋಕೆ ಧೈರ್ಯ ಬೇಕು, ಎರಡನೇದ್ರಲ್ಲಿ ‘ವಿಧಿ ನಾವೇ ಬರ್ಕೋತೀವಿ’ ಅಂದಿದ್ದಕ್ಕೆ ಇದು ಎದುರು ಉತ್ತರ, ಸರಿನೋ ತಪ್ಪೋ ಉತ್ತರ ಅಂತೂ ಕೊಡ್ತು. ಕಾಲೇಜಲ್ಲಿ ಆ ಹೊತ್ತಿಗೆ ನಾವು ಸ್ಟ್ಯಾಂಡಿಂದ ಬೈಕ್ ಮೊದ್ಲು ತೆಗೀಬೇಕು ಅಂತ ಎದ್ದು ಬಾಗಿಲ ಹತ್ರ ನಿಂತಿದ್ವಿ ಅಂತ ನೆನಪು. ಮೂರು ಅಳಿಸಿ ಆರೂವರೆ ಹಾಕ್ದೆ.

2009ರದ್ದು, 2015ರದ್ದು ಎರಡನ್ನೂ ನೋಡ್ದೆ, ಅವುಗಳ ಬಗ್ಗೆ ನೋಟ್‌ಬುಕ್‌ನಲ್ಲಿ ಎರಡೆರಡು ಸಾಲಿದೆ, ಅಷ್ಟೇ ಸಾಕು.

ಡಾರ್ಕ್ ಫೇಟ್‌ಗೆ ಹೆಂಡ್ತಿನ ಕರ್ಕೊಂಡು ಹೋದೆ, ಅವಳು ಹಳೇದು ಯಾವುದೂ ನೋಡಿಲ್ಲ. ಶುರುವಲ್ಲೇ 1998, ಗ್ವಾಟೆಮಾಲಾ ಸಮುದ್ರದ ದಡ, ಜಾನ್‌ನ ಒಂದು ಟರ್ಮಿನೇಟರ್ ಬಂದು ಕೊಂದು ಹಾಕುತ್ತೆ. ನನಗೆ ಅಲ್ಲೇ ಬಾಗಿಲು ಮುಚ್ತು, ಮುಂದಿನ ಎರಡು ಗಂಟೆ ಕೈ ಕಟ್ಕೊಂಡು ಕೂತಿದ್ದೆ. ಸ್ಕೈನೆಟ್ ಬದಲು ಲೀಜನ್, ಜಾನ್ ಬದಲು ಮೆಕ್ಸಿಕೋದ ಡ್ಯಾನಿ, ಅದೇ ಓಟ ಅದೇ ಟ್ರಕ್ಕು. ಹೊರಗೆ ಬಂದು ನಾಲ್ಕು ಅಂದೆ. ಹೆಂಡ್ತಿ ಅವತ್ತು ಏನೂ ಅನ್ಲಿಲ್ಲ.

ನನ್ನ ಇನ್ನೊಂದು ರೂಲ್ ಏನಂದ್ರೆ ವಾರ ಬಿಟ್ಟು ನೆನಪಿರೋ ಸೀನ್ ಬರಿಯೋದು, ಅವಳಿಗೂ ಒಂದು ಹಾಳೆ ಕೊಟ್ಟೆ. ನಂದ್ರಲ್ಲಿ ನಾಲ್ಕು ಫೈಟ್ ಇತ್ತು. ಅವಳು ಬರ್ದಿದ್ದು ಬರೀ ಕಾರ್ಲ್ ಬಗ್ಗೆ, ಅಂದ್ರೆ ಜಾನ್‌ನ ಕೊಂದ ಅದೇ ಯಂತ್ರ, ಕೊಂದ ಮೇಲೆ ಮಾಡೋಕೆ ಏನೂ ಕೆಲಸ ಇಲ್ದೆ ಒಂದು ಹೆಂಗಸು ಮತ್ತೆ ಅವಳ ಮಗನ್ನ ನೋಡ್ಕೊಂಡು ಪರದೆ ಬಿಸಿನೆಸ್ ಮಾಡ್ಕೊಂಡಿರ್ತಾನಲ್ಲ, ಅವನು. “ಚಿಕ್ಕ ಹುಡುಗಿ ರೂಮಿಗೆ ಪ್ಲೇನ್ ಪರದೆ ಹಾಕ್ಬಾರ್ದು ಅಂತ ಕೊಲೆಗಾರ ಮಷಿನ್‌ಗೆ ಗೊತ್ತಾಗುತ್ತೆ, ನಿಮಗೆ ಗೊತ್ತಾಗಲ್ಲ ನೋಡ್ರಿ” ಅಂದ್ಳು. ನಾನು ನಕ್ಕೆ, ಆಮೇಲೆ ನಗು ನಿಂತೋಯ್ತು. ಎರಡನೇದ್ರಲ್ಲಿ ಯಂತ್ರಕ್ಕೆ ಮನುಷ್ಯರ ಬೆಲೆ ಕಲಿಸಿದ್ದು ಹುಡುಗ ಜಾನ್. ಇಲ್ಲಿ ಕಲಿಸೋ ಹುಡುಗನ್ನೇ ಕೊಂದ ಯಂತ್ರ ತಾನೇ ಕಲಿತ್ಕೊಂಡಿದೆ, ಮಾಡಿದ್ದು ವಾಪಸ್ ಬರಲ್ಲ ಅಂತಾನೂ ಅದಕ್ಕೆ ಗೊತ್ತು. ಹಳೇದನ್ನ ತಂದು ಅರ್ಥ ಬದಲಾಯಿಸಿದ್ದು ಇದೇ ಅಲ್ವಾ? ಕೆಂಪು ಚುಕ್ಕಿ ಹುಡುಕ್ತಾ ಕೂತವನಿಗೆ ಇಡೀ ಮನುಷ್ಯನೇ ಕಾಣ್ಲಿಲ್ಲ.

ನಾಲ್ಕನ್ನ ಆರು ಮಾಡಿದೀನಿ, ಪೆನ್ಸಿಲ್‌ನಲ್ಲಿ. ಹೆಂಡ್ತಿದು ಎಂಟು. ಅಕ್ಕನ ಮಗ ಇನ್ನೂ ನೋಡಿಲ್ಲ, ಒಂದಿನ ಊಟಕ್ಕೆ ಕೂತಾಗ ನಾನೇ ಬಾಯಿ ತಪ್ಪಿ ಜಾನ್ ಸಾಯೋದು ಹೇಳ್ಬಿಟ್ಟೆ, ತಟ್ಟೆಯಿಂದ ತಲೆ ಎತ್ತಿ ನೋಡ್ದ. “ಹಂಗಿದ್ರೆ ನನಗದು ಬೇಡ ಮಾಮ” ಅಂದ, ಮತ್ತೆ ಸಾರು ಹಾಕಿಸ್ಕೊಂಡ.