ಹಳೇ ಕೇಸಿದ್ದವನು ಜೈಲಿಗೆ ಭೇಟಿಗೆ ಹೋದ ಬಗೆ

ಅಕ್ಕನ ಮಗ ಬೈಕ್ ಕಳವಿನ ಕೇಸಿನಲ್ಲಿ ಚಿತ್ರದುರ್ಗದ ಜೈಲು ಸೇರಿದಾಗ ಮನೆಯವರೆಲ್ಲ ಜಾಮೀನಿನ ಚಿಂತೆಯಲ್ಲಿದ್ದರು. ನನಗೆ ಇನ್ನೊಂದು ಚಿಂತೆಯೂ ಇತ್ತು. ಅವನನ್ನು ನೋಡಲು ನನ್ನನ್ನು ಬಿಡ್ತಾರಾ?

ನಾನೂ ಒಳಗೆ ಹೋಗಿ ಬಂದವನೇ. ದಾವಣಗೆರೆ ಎಪಿಎಂಸಿಯಲ್ಲಿ ಲೋಡಿಂಗ್ ವಿಚಾರಕ್ಕೆ ಶುರುವಾದ ಹೊಡೆದಾಟ, ಐಪಿಸಿ 324, ಅಂದರೆ ಆಯುಧದಿಂದ ಗಾಯ ಮಾಡಿದ ಕೇಸು. ಶಿಕ್ಷೆ ಆಯಿತು, ಮುಗಿಸಿ ಬಂದೆ. ಈಗ ಟಾಟಾ ಏಸ್ ಓಡಿಸಿಕೊಂಡಿದ್ದೇನೆ. ಆದರೆ ರೆಕಾರ್ಡು ರೆಕಾರ್ಡೇ ಅಲ್ವಾ? ಕೇಳಿದವರೆಲ್ಲ ಒಂದೊಂದು ಹೇಳಿದರು. ‘ಸಜಾ ಆದವನಿಗೆ ಭೇಟಿ ಕೊಡೋದೇ ಇಲ್ಲ’ ಅಂತ ಒಬ್ಬ. ‘ಸುಮ್ನೆ ತಮ್ಮನ ಆಧಾರ್ ತಗೊಂಡು ಹೋಗು’ ಅಂತ ಇನ್ನೊಬ್ಬ. ಈ ಎರಡನೆಯವನ ಮಾತು ಕೇಳಿದ್ದರೆ ನಾನು ಹೊಸ ಕೇಸಿನಲ್ಲಿ ಅಳಿಯನ ಪಕ್ಕದಲ್ಲೇ ಕೂರಬೇಕಾಗಿತ್ತು.

ನಮ್ಮ ವಕೀಲರು ಬೇರೆಯದೇ ದಾರಿ ತೋರಿಸಿದರು. ‘ನಿನಗೆ ನೋಡೋ ಹಕ್ಕು ಇದೆಯಾ ಅಂತ ಯಾಕೆ ಕೇಳ್ತೀಯಪ್ಪ? ಮನೆಯವರನ್ನ ನೋಡೋ ಹಕ್ಕು ಒಳಗಿರೋ ಹುಡುಗನದು. ಅವನ ಕಡೆಯಿಂದ ಹೊರಡು’ ಅಂದರು. 1981ರಲ್ಲಿ ಫ್ರಾನ್ಸಿಸ್ ಕೊರಾಲಿ ಮುಲ್ಲಿನ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೀಗೇ ಹೇಳಿದೆಯಂತೆ. ಬಂಧನದಲ್ಲಿ ಇರುವವರು ಮನೆಯವರನ್ನೂ ವಕೀಲರನ್ನೂ ಭೇಟಿ ಮಾಡುವುದು ಸಂವಿಧಾನದ 21ನೇ ವಿಧಿಯ, ಅಂದರೆ ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿನ ಒಳಗೇ ಬರುತ್ತದೆ ಎಂದು. ಈ ಮಾತು ಕೇಳಿದ ಮೇಲೆ ಉಳಿದದ್ದೆಲ್ಲ ಸಲೀಸಾಯಿತು.

ಅವನ ಕಡೆಯಿಂದ ಹೊರಡುವುದು ಅಂದರೆ ಏನು? ಜೈಲಿಗೆ ಸೇರಿಸಿಕೊಳ್ಳುವಾಗ, ನೋಡಲು ಯಾರ್‍ಯಾರು ಬರಬಹುದು ಅಂತ ಕೈದಿಯಿಂದ ಹೆಸರು ಬರೆಸಿಕೊಳ್ಳುವ ಪದ್ಧತಿ ಇದೆ. 2016ರ ಮಾದರಿ ಜೈಲು ಕೈಪಿಡಿಯಲ್ಲೂ ಇದು ಇದೆ. ಹುಡುಗ ಗಾಬರಿಯಲ್ಲಿ ಅಪ್ಪ ಅಮ್ಮನ ಹೆಸರು ಮಾತ್ರ ಹೇಳಿದ್ದ. ಹಾಗಾಗಿ ಮೊದಲು ಅಕ್ಕನನ್ನು ಕಳಿಸಿದೆ. ‘ಸೋದರಮಾವನ ಹೆಸರೂ ಸೇರಿಸಿ ಅಂತ ಅವನೇ ಕೇಳಬೇಕು, ನೀನಲ್ಲ’ ಅಂತ ಹೇಳಿಕೊಟ್ಟೆ. ಅವನು ಕೇಳಿದ. ಹೊರಗಿನಿಂದ ನಾನು ಎಷ್ಟು ಅಂಗಲಾಚಿದರೂ ಆಗದ ಕೆಲಸ ಒಳಗಿನ ಅವನ ಒಂದು ಮಾತಿಗೆ ಆಯಿತು.

ಹಾಗಂತ ಬಾಗಿಲು ತೆರೆದೇಬಿಟ್ಟಿತು ಅಂತಲ್ಲ. ಇಂಥವರು ಬಂದರೆ ತೊಂದರೆ ಅನಿಸಿದರೆ ಭೇಟಿ ನಿರಾಕರಿಸುವ ಅಧಿಕಾರ ಸೂಪರಿಂಟೆಂಡೆಂಟರಿಗೆ ಇದೆ. ಆದರೆ ಕಾರಣ ಬರೆದಿಡಬೇಕು. ಅದಕ್ಕೇ ನಾನು ಕೈಬೀಸಿಕೊಂಡು ಗೇಟಿಗೆ ಹೋಗದೆ, ಮೊದಲೇ ಅವರಿಗೆ ಒಂದು ಅರ್ಜಿ ಬರೆದೆ. ಒಂದೇ ಪುಟ. ಹುಡುಗನ ಹೆಸರು, ಅವನ ತಂದೆ ಹೆಸರು, ಕ್ರೈಂ ನಂಬರು. ನಾನು ಅವನಿಗೆ ಏನಾಗಬೇಕು. ಆಮೇಲೆ ನೇರವಾಗಿ: ನನಗೆ ಇಂಥ ಕೇಸಿನಲ್ಲಿ ಶಿಕ್ಷೆಯಾಗಿತ್ತು, ಮುಗಿದಿದೆ, ಬೇರೆ ಕೇಸು ಬಾಕಿ ಇಲ್ಲ, ಈ ಕಳವಿನ ಕೇಸಿಗೂ ನನಗೂ ಸಂಬಂಧ ಇಲ್ಲ. ಜೊತೆಗೆ ಆಧಾರ್, ನನ್ನ ಬಿಡುಗಡೆ ಪತ್ರ, ಅಕ್ಕ ತಮ್ಮ ಅಂತ ತೋರಿಸಲು ಇಬ್ಬರ ಹೆಸರೂ ಇದ್ದ ಹಳೇ ರೇಷನ್ ಕಾರ್ಡಿನ ಜೆರಾಕ್ಸ್. ‘ದಯಮಾಡಿ’, ‘ಬಡವ’ ಅಂತೆಲ್ಲ ಏನೂ ಬರೆಯಲಿಲ್ಲ. ಸ್ವೀಕೃತಿ ಸೀಲು ಹಾಕಿಸಿಕೊಂಡ ಪ್ರತಿ ಇಟ್ಟುಕೊಂಡೆ. ಅರ್ಜಿ ತಿರಸ್ಕಾರವಾದರೂ ವಕೀಲರು ಕೋರ್ಟಿನಲ್ಲಿ ಕೇಳಲು ಈ ಕಾಗದ ಬೇಕು.

ಮುಚ್ಚಿಡುವುದರಲ್ಲಿ ಅರ್ಥವೂ ಇಲ್ಲ. ಈಗ ಜೈಲಿನ ದಾಖಲೆಯೆಲ್ಲ ಇ-ಪ್ರಿಸನ್ಸ್ ಅನ್ನುವ ವ್ಯವಸ್ಥೆಯಲ್ಲಿದೆ. ಪೊಲೀಸು, ಕೋರ್ಟು, ಜೈಲು ಮೂರರ ದಾಖಲೆಗೂ ಕೊಂಡಿ ಹಾಕುವ ಇನ್ನೊಂದು ವ್ಯವಸ್ಥೆಯೂ ಇದೆ. ನಾವಾಗಿ ಹೇಳಿದರೆ ಅದು ಹಳೇ ಕೇಸು. ಅವರೇ ಹುಡುಕಿದರೆ ‘ಯಾಕೆ ಮುಚ್ಚಿಟ್ಟ?’ ಅನ್ನುವ ಹೊಸ ಪ್ರಶ್ನೆ.

ಒಪ್ಪಿಗೆ ಸಿಕ್ಕ ಮೇಲೆ ಇ-ಮುಲಾಕಾತ್‌ನಲ್ಲಿ, ಅಂದರೆ ಜೈಲು ಭೇಟಿಗೆ ಆನ್‌ಲೈನಿನಲ್ಲಿ ಬುಕ್ ಮಾಡುವ ವ್ಯವಸ್ಥೆಯಲ್ಲಿ, ಹೆಸರು ಹಾಕಿದೆ. ಮೊಬೈಲಿಗೆ ಓಟಿಪಿ ಬರುತ್ತದೆ, ಅಷ್ಟೇ. ಒಂದೇ ಕಿರಿಕಿರಿ, ಕೈದಿಯ ಹೆಸರು ಜೈಲಿನ ದಾಖಲೆಯಲ್ಲಿ ಹೇಗಿದೆಯೋ ಹಾಗೇ ಹಾಕಬೇಕು. ಮನೆಯಲ್ಲಿ ಕರೆಯುವ ಹೆಸರು, ಶಾಲೆ ಸರ್ಟಿಫಿಕೇಟಿನ ಹೆಸರು ಯಾವುದೂ ನಡೆಯಲ್ಲ.

ಭೇಟಿಯ ದಿನ ಆನಗೋಡು, ಭರಮಸಾಗರ ದಾಟಿ ದುರ್ಗಕ್ಕೆ ಬಸ್ಸಿನಲ್ಲಿ ಹೋದೆವು. ಅಕ್ಕ ಬೆಳಗ್ಗೆಯೇ ಎದ್ದು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದ್ದಳು. ಬೇಡ ಅಂದೆ. ಮುಖ ಊದಿಸಿಕೊಂಡಳು. ನನ್ನಂಥವನ ಕೈಯಲ್ಲಿ ಗಂಟು ಇದ್ದರೆ ಅದನ್ನು ಹೇಗೆ ಬಿಚ್ಚುತ್ತಾರೆ ಅಂತ ಅವಳಿಗೆ ಗೊತ್ತಿಲ್ಲ. ನಾನು ಒಳಗಿದ್ದಾಗ ನೋಡಿದ್ದೇನೆ, ಸೋಪನ್ನು ಎರಡು ಹೋಳು ಮಾಡುತ್ತಿದ್ದರು, ಪ್ಯಾಂಟಿನ ಸೊಂಟಪಟ್ಟಿಯ ಹೊಲಿಗೆಯನ್ನು ಬೆರಳಲ್ಲಿ ಒತ್ತಿ ಒತ್ತಿ ನೋಡುತ್ತಿದ್ದರು. ಬೀಡಿ, ಗಾಂಜಾ, ಸಿಮ್ ಎಲ್ಲ ಬರುತ್ತಿದ್ದದ್ದು ಹಾಗೇ ತಾನೆ? ಅದಕ್ಕೇ ಬರಿಗೈಲಿ ಹೋದೆ. ಖರ್ಚಿಗೆ ಸ್ವಲ್ಪ ದುಡ್ಡನ್ನು ಕಚೇರಿಯಲ್ಲೇ ಅವನ ಹೆಸರಿಗೆ ಕಟ್ಟಿ ರಸೀದಿ ತಗೊಂಡೆ. ಮೊಬೈಲು ಹೊರಗೇ ಬಿಟ್ಟೆ. ತಪಾಸಣೆಯಲ್ಲಿ ಅಕ್ಕನಿಗಿಂತ ನನಗೆ ಜಾಸ್ತಿ ಹೊತ್ತು ಹಿಡಿಯಿತು. ಸಿಟ್ಟು ಮಾಡಿಕೊಳ್ಳಲಿಲ್ಲ. ತಪಾಸಣೆಗೆ ಒಪ್ಪದಿದ್ದರೆ ವಾಪಸ್ ಕಳಿಸಲು ಅಷ್ಟೇ ಸಾಕು.

ಜಾಲರಿಯ ಆಚೆ ಬಂದವನೇ ‘ಮಾವ, ಅವತ್ತು ಬೈಕ್ ತಗೊಂಡಿದ್ದು ನಾನಲ್ಲ, ಆ...’ ಅಂತ ಶುರು ಮಾಡಿದ. ‘ಲೇ, ಅದನ್ನ ವಕೀಲರ ಹತ್ರ ಹೇಳು. ಊಟ ಸೇರ್ತದಾ?’ ಅಂತ ಅಲ್ಲೇ ತಡೆದೆ. ಭೇಟಿಯ ಜಾಗದಲ್ಲಿ ಕೇಸಿನ ಮಾತು ಬೇಡವೇ ಬೇಡ. ಪಕ್ಕದಲ್ಲಿ ಸಿಬ್ಬಂದಿ ಇರುತ್ತಾರೆ, ಅವರ ಕೆಲಸವೇ ಕೇಳಿಸಿಕೊಳ್ಳುವುದು. ಯಾರನ್ನು ಎಲ್ಲಿ ನೋಡು, ಯಾರಿಗೆ ಏನು ಹೇಳು ಅನ್ನುವ ಸಂದೇಶಗಳನ್ನೂ ಹೊರಬೇಡಿ. ಒಳಗೆ ನನ್ನ ಗುರುತಿನ ಒಬ್ಬ ಇದ್ದ, ಕೈ ಎತ್ತಿದ. ನಾನು ತಲೆ ಆಡಿಸಿ ಸುಮ್ಮನಾದೆ. ಒರಟುತನ ಅನಿಸಿರಬಹುದು, ಅನಿಸಲಿ.

ಅವನಿಗೆ ನಾನು ಹೇಳಿದ ಒಂದೇ ಕಾನೂನು ವಿಷಯ ಬಿಎನ್‌ಎಸ್‌ಎಸ್ 479, ಅಂದರೆ ಹಳೇ ಸಿಆರ್‌ಪಿಸಿ ಬದಲಿಗೆ ಬಂದ ಕಾನೂನಿನ 479ನೇ ಕಲಂ. ಇದು 2024ರ ಜುಲೈನಿಂದ ಜಾರಿಯಲ್ಲಿದೆ. ಹಿಂದೆ ಯಾವ ಕೇಸಿನಲ್ಲೂ ಶಿಕ್ಷೆಯಾಗದವನು ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ವಿಚಾರಣೆಯಲ್ಲೇ ಒಳಗಿದ್ದರೆ ಬಿಡುಗಡೆಗೆ ಅರ್ಹ. ಸಾಮಾನ್ಯ ಕಳವಿಗೆ ಗರಿಷ್ಠ 3 ವರ್ಷ, ಅಂದರೆ ಅವನಿಗೆ 1 ವರ್ಷ. ನನ್ನಂಥ ಶಿಕ್ಷೆಯಾದವನಿಗೆ ಅರ್ಧ, ಒಂದೂವರೆ ವರ್ಷ. ಅವಧಿ ತುಂಬಿದಾಗ ಕೋರ್ಟಿಗೆ ಬರೆಯಬೇಕಾದ್ದು ಜೈಲಿನ ಸೂಪರಿಂಟೆಂಡೆಂಟರೇ. ಆದರೆ ಒಂದಕ್ಕಿಂತ ಹೆಚ್ಚು ಕೇಸು ಬಾಕಿ ಇದ್ದರೆ ಈ ಅನುಕೂಲ ಇಲ್ಲ. ಹುಡುಗ ಬೆರಳು ಮಡಚಿ ತಿಂಗಳು ಎಣಿಸಿದ. ಅಷ್ಟರೊಳಗೆ ಜಾಮೀನು ಆಗಬಹುದು ಅಂತಲೂ ಹೇಳಿದೆ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. ಬಂಧನದಲ್ಲಿರುವವರಿಗೆ ಅಲ್ಲಿ ವಕೀಲರು ಉಚಿತ, ಆದಾಯ ಎಷ್ಟು ಅಂತ ಕೇಳುವುದಿಲ್ಲ.

ಇದೆಲ್ಲ ನಡೆದದ್ದು ನನ್ನ ಕೇಸು ಪೂರ್ತಿ ಮುಗಿದಿದ್ದರಿಂದ. ನೀವೇ ಜಾಮೀನಿನ ಮೇಲೆ ಇದ್ದರೆ ಮೊದಲು ನಿಮ್ಮ ಜಾಮೀನು ಆದೇಶ ತೆಗೆದು ಓದಿ. ‘ಜಿಲ್ಲೆ ಬಿಟ್ಟು ಹೋಗಬಾರದು’ ಅಂತ ಇದ್ದರೆ ದಾವಣಗೆರೆಯಿಂದ ದುರ್ಗಕ್ಕೆ ಹೋದರೂ ಷರತ್ತು ಮುರಿದಂತೆ, ಕೋರ್ಟಿನ ಅನುಮತಿ ಬೇಕು. ಒಳಗಿರುವವರು ನಿಮ್ಮದೇ ಕೇಸಿನ ಇನ್ನೊಬ್ಬ ಆರೋಪಿಯಾಗಿದ್ದರಂತೂ ಸ್ವಂತ ಅಣ್ಣನಾದರೂ ನೀವು ಹೋಗಬೇಡಿ, ವಕೀಲರನ್ನು ಕಳಿಸಿ.