ಚೌಕಾಬಾರದ ಬೀಜ ಉಜ್ಜುವುದಕ್ಕೂ ಒಂದು ಹದವಿದೆ

ರಜೆ ಬಂದಾಗ ಮಕ್ಕಳ ಕೈಯಿಂದ ಮೊಬೈಲ್ ಬಿಡಿಸಿ ಚೌಕಾಬಾರ ಆಡಿಸಬೇಕೆಂಬ ಆಸೆ ಈಗಿನ ತಾಯಂದಿರಿಗೆ ಹುಟ್ಟಿರುವುದು ಸಂತೋಷವೇ. ಆದರೆ ಒಂದು ಮಗ್ಗುಲು ಬಿಳಿಯಾಗಿಸಿ ದಾಳದಂತೆ ಹಾಕುವ ಹುಣಸೆ ಬೀಜವನ್ನು ಅವರು ಸಿದ್ಧಮಾಡುವ ರೀತಿ ನೋಡಿದರೆ ನನಗೆ ಸುಮ್ಮನಿರಲಾಗುವುದಿಲ್ಲ. ಒಬ್ಬಳು ಹುಣಸೆ ಬೀಜವನ್ನು ಅಡಕತ್ತರಿಗೆ ಕೊಟ್ಟು ಎರಡು ಹೋಳು ಮಾಡುತ್ತಾಳೆ. ಇನ್ನೊಬ್ಬಳು ಒಂದು ಮಗ್ಗುಲಿಗೆ ನೇಲ್ ಪಾಲಿಶ್ ಬಳಿದು ಒಣಗಲು ಇಡುತ್ತಾಳೆ. ಮತ್ತೊಬ್ಬ ಅಳಿಯರಾಯರು ಸ್ಯಾಂಡ್ ಪೇಪರ್ ತಂದು ಪರಪರ ಎಂದು ಅರ್ಧ ಬೀಜವನ್ನೇ ತೇದು ಹಾಕಿದರು. ಇಂಥ ಬೀಜದಲ್ಲಿ ಆಟಕ್ಕೆ ಕುಳಿತರೆ ಒಬ್ಬರಿಗೆ ಎಲ್ಲಕ್ಕಿಂತ ದೊಡ್ಡದಾದ ಬಾರವೇ ಮೇಲಿಂದ ಮೇಲೆ ಬೀಳುತ್ತದೆ, ಉಳಿದವರು ಮನೆ ಬಿಟ್ಟು ಅಲುಗುವುದಿಲ್ಲ, ಮಕ್ಕಳು ಬೇಸತ್ತು ಎದ್ದು ಹೋಗುತ್ತಾರೆ. ಆಮೇಲೆ "ಈಗಿನ ಮಕ್ಕಳಿಗೆ ಇದೆಲ್ಲ ಹಿಡಿಸುವುದಿಲ್ಲ" ಎಂದು ಮಕ್ಕಳ ತಲೆಗೇ ತಪ್ಪು ಕಟ್ಟುತ್ತಾರೆ. ತಪ್ಪು ಮಕ್ಕಳದಲ್ಲ, ಬೀಜದ್ದು.

ಮೊದಲು ಬೀಜ ಎಲ್ಲಿಂದ ಬರಬೇಕು ಎಂಬುದನ್ನು ತಿಳಿದುಕೊಳ್ಳಿ. ಬೀಜ ತೆಗೆದ ಹುಣಸೆಯನ್ನು ಪೊಟ್ಟಣದಲ್ಲಿ ತರುವ ಮನೆಯಲ್ಲಿ ಬೀಜ ಹುಡುಕಿದರೆ ಸಿಗುತ್ತದೆಯೇ? ಶಿವರಾತ್ರಿ ಕಳೆದು ಯುಗಾದಿ ಹತ್ತಿರವಾಗುವ ಹೊತ್ತಿಗೆ ಹೊಸ ಹುಣಸೆ ಬರುತ್ತದೆ. ಒಂದಿಷ್ಟಾದರೂ ಬೀಜ ಸಮೇತ ತನ್ನಿ. ನಮ್ಮ ಅಜ್ಜಿಯ ಮನೆಯಲ್ಲಿ ಗೋಣಿಯ ಮೇಲೆ ಹುಣಸೆ ಸುರಿದು, ಹೆಂಗಸರೆಲ್ಲ ಸುತ್ತ ಕುಳಿತು ಕುಟ್ಟಿ, ನಾರು ಬಿಡಿಸಿ, ಬೀಜ ತೆಗೆಯುತ್ತಿದ್ದರು. ಬೀಜ ಆರಿಸುವ ಕೆಲಸ ನಮ್ಮದು, ಮಕ್ಕಳದು. ಮಾತು ಬಂದದ್ದಕ್ಕೆ ಹೇಳುತ್ತೇನೆ: ಬಿಡಿಸಿದ ಹುಣಸೆಯನ್ನು ಹಾಗೆಯೇ ಸ್ಟೀಲ್ ಡಬ್ಬಿಗೆ ತುರುಕಬೇಡಿ. ಹುಳಿಗೆ ಲೋಹ ಆಗುವುದಿಲ್ಲ. ಬಿಸಿಲಿಗೆ ಹಾಕಿ, ಕೈಗೆ ಅಂಟು ಕಡಿಮೆಯಾದ ಮೇಲೆ ಕಲ್ಲುಪ್ಪು ಬೆರೆಸಿ, ಉಂಡೆ ಕಟ್ಟಿ ಪಿಂಗಾಣಿ ಜಾಡಿಯಲ್ಲಿ ಅದುಮಿಡಿ. ಒದ್ದೆ ಕೈ ಹಾಕಿದರೆ ಕೆಟ್ಟಿತೆಂದೇ ತಿಳಿಯಿರಿ. ವರ್ಷ ಕಳೆದು ಕಪ್ಪಾಯಿತೆಂದು ಬಿಸಾಡುವವರನ್ನು ಕಂಡಿದ್ದೇನೆ, ಹೊಟ್ಟೆ ಉರಿಯುತ್ತದೆ. ಪುಳಿಯೋಗರೆ ಗೊಜ್ಜಿಗೆ ಆ ಕಪ್ಪು ಹುಣಸೆಯೇ ಆಗಬೇಕು.

ಇನ್ನು ಬೀಜಕ್ಕೆ ಬರೋಣ. ಅದೇ ದಿನ ಬಿಡಿಸಿದ ಬೀಜ ಬೇಡ, ಅದರ ಮೈಯಲ್ಲಿ ಇನ್ನೂ ಪಸೆ ಇರುತ್ತದೆ. ಹಿಂದಿನ ವರ್ಷದ್ದು ಸಿಕ್ಕರೆ ಬಹಳ ಒಳ್ಳೆಯದು; ಇಲ್ಲದಿದ್ದರೆ ನೆರಳಿನಲ್ಲಿ ಚೆನ್ನಾಗಿ ಒಣಗಲು ಬಿಡಿ. ಬಿಸಿಲಿಗಿಟ್ಟರೆ ಸಿಪ್ಪೆ ಸೀಳುತ್ತದೆ. ಒಣಗಿದ್ದನ್ನು ಒಂದು ಬೋಗುಣಿ ನೀರಿಗೆ ಹಾಕಿ ನೋಡಿ. ತೇಲಿದ್ದನ್ನೆಲ್ಲ ಎಸೆಯಿರಿ, ಒಳಗೆ ಹುಳ ತಿಂದು ಟೊಳ್ಳಾಗಿರುತ್ತದೆ. ಮುಳುಗಿದ್ದನ್ನು ತಕ್ಷಣ ತೆಗೆದು ಒರೆಸಬೇಕು. ನೆನೆಯಲು ಬಿಟ್ಟು ಬೇರೆ ಕೆಲಸಕ್ಕೆ ಹೋದರೆ ಬೀಜ ಉಬ್ಬಿ ಸಿಪ್ಪೆ ಸಡಿಲವಾಗುತ್ತದೆ. ಒರೆಸಿದವುಗಳಲ್ಲಿ ಒಂದೇ ಅಳತೆಯ, ಒಂದೇ ತೂಕದ, ಕಡು ಕಂದಿನ ಹೊಳಪಿರುವ ಬೀಜಗಳನ್ನು ಆರಿಸಿಕೊಳ್ಳಿ. ತಕ್ಕಡಿ ಬೇಡ, ಎರಡು ಅಂಗೈಯಲ್ಲಿ ಒಂದೊಂದು ಇಟ್ಟುಕೊಂಡರೆ ಗೊತ್ತಾಗುತ್ತದೆ. ಆಟಕ್ಕೆ ಬೇಕಾದದ್ದು ನಾಲ್ಕೇ ಆದರೂ ಒಂದು ಹಿಡಿ ಆರಿಸಿ, ಏಕೆಂದರೆ ಉಜ್ಜುವಾಗ ಕೆಲವು ಹಾಳಾಗಿಯೇ ಆಗುತ್ತವೆ.

ಈಗ ಉಜ್ಜುವುದು. ಇದನ್ನು ಗಮನವಿಟ್ಟು ಓದಿ. ಹುಣಸೆ ಬೀಜಕ್ಕೆ ಎರಡು ಅಗಲವಾದ ಮಗ್ಗುಲುಗಳಿವೆ. ಬೆಳಕಿಗೆ ಹಿಡಿದು ನೋಡಿದರೆ ಪ್ರತಿ ಮಗ್ಗುಲಿನ ನಡುವೆ ಮೊಟ್ಟೆಯಾಕಾರದ ಒಂದು ತೆಳು ಗೆರೆ ಕಾಣುತ್ತದೆ, ಅದರೊಳಗಿನ ಬಣ್ಣ ಹೊರಗಿನದಕ್ಕಿಂತ ಸ್ವಲ್ಪ ಬೇರೆ. ಎರಡರಲ್ಲಿ ಚಪ್ಪಟೆಯಾಗಿರುವ ಮಗ್ಗುಲನ್ನೇ ಉಜ್ಜಬೇಕು. ಉಜ್ಜಲು ಒರಟಾದ ಹಾಸುಗಲ್ಲು, ಕಲ್ಲಿನ ಮೆಟ್ಟಿಲು ಅಥವಾ ಸಿಮೆಂಟಿನ ಜಗಲಿಯ ಅಂಚು ಆಗುತ್ತದೆ. ಟೈಲ್ಸ್ ಮೇಲೆ ಉಜ್ಜಿದರೆ ಜಾರುತ್ತದೆ ಹೊರತು ತೇಯುವುದಿಲ್ಲ. ರುಬ್ಬುವ ಕಲ್ಲಿನ ಹತ್ತಿರ ಮಾತ್ರ ಹೋಗಬೇಡಿ, ಅದು ಅನ್ನದ ಕಲ್ಲು.

ತೋರುಬೆರಳು, ನಡುಬೆರಳುಗಳಿಂದ ಬೀಜವನ್ನು ಮೇಲಿನಿಂದ ಅದುಮಿ, ಹೆಬ್ಬೆರಳನ್ನು ಬದಿಗೆ ಕೊಟ್ಟು, ಸಣ್ಣ ಸಣ್ಣ ಸುತ್ತು ಹಾಕುತ್ತಾ ಉಜ್ಜಿ. ಹಿಂದಕ್ಕೂ ಮುಂದಕ್ಕೂ ಎಳೆದರೆ ಒಂದು ತುದಿ ಹೆಚ್ಚು ತೇದು ಬೀಜ ಓರೆಯಾಗುತ್ತದೆ. ಹತ್ತಿಪ್ಪತ್ತು ಸುತ್ತಾದ ಮೇಲೆ ಬೀಜವನ್ನು ಬೆರಳಿನ ಕೆಳಗೇ ತಿರುಗಿಸಿ, ತಲೆ ಇದ್ದ ಕಡೆಗೆ ಬುಡ ಬರಲಿ, ಮತ್ತೆ ಉಜ್ಜಿ. ಸ್ವಲ್ಪ ಹೊತ್ತಿಗೆಲ್ಲ ಬೀಜ ಕಾಯುತ್ತದೆ. ಕಾದ ಬೀಜವನ್ನು ಪಕ್ಕದಲ್ಲಿ ಕುಳಿತವರ ಮೊಣಕೈಗೆ ಮೆಲ್ಲನೆ ಮುಟ್ಟಿಸಿ ಚುರುಕ್ ಅನ್ನಿಸುವುದು ನಮ್ಮ ಕಾಲದ ಎಲ್ಲ ಮಕ್ಕಳೂ ಮಾಡಿದ ಕೆಲಸ. ನನ್ನ ಚಿಕ್ಕಪ್ಪ ದೊಡ್ಡವರಾದ ಮೇಲೂ ಬಿಟ್ಟಿರಲಿಲ್ಲ; ಅಜ್ಜಿ ಹೂ ಕಟ್ಟುತ್ತಾ ಕುಳಿತಿದ್ದರೆ ಹಿಂದಿನಿಂದ ಬಂದು ಮುಟ್ಟಿಸಿ, ಬೈಸಿಕೊಂಡು ಓಡುತ್ತಿದ್ದರು. ಆದರೆ ಬೀಜ ಕಾದಿದೆ ಎಂದರೆ ನಿಲ್ಲಿಸಬೇಕು ಎಂದೇ ಅರ್ಥ. ಬಿಸಿಯಲ್ಲಿಯೇ ಉಜ್ಜುತ್ತಾ ಹೋದರೆ ಅಂಚಿನ ಸಿಪ್ಪೆ ಚಕ್ಕೆಯಾಗಿ ಹಾರುತ್ತದೆ. ಅದನ್ನು ಪಕ್ಕಕ್ಕಿಟ್ಟು ಎರಡನೆಯದನ್ನು ತೆಗೆದುಕೊಳ್ಳಿ, ಅದು ಕಾದಾಗ ಮೂರನೆಯದು. ಹೀಗೆ ಸರದಿಯಲ್ಲಿ ಎಲ್ಲವೂ ಒಟ್ಟಿಗೆ ಮುಗಿಯಬೇಕು, ಆಗಲೇ ಅವು ಒಂದೇ ಸಮ ಇರುತ್ತವೆ.

ಬೇಗ ತೇಯಲಿ ಎಂದು ನೀರು ಚಿಮುಕಿಸುವವರಿದ್ದಾರೆ. ಹುಣಸೆ ಬೀಜದ ಹಿಟ್ಟನ್ನು ಬೇಯಿಸಿ ಅಂಟು ಮಾಡುತ್ತಾರೆ, ಕೊಪ್ಪಳದ ಕಿನ್ನಾಳದಲ್ಲಿ ಗೊಂಬೆ ಮಾಡುವವರು ಬಳಸುವುದೂ ಅದೇ ಅಂಟು. ಅಂಥ ಬೀಜದ ಒಳತಿರುಳಿಗೆ ನೀರು ತಾಗಿಸಿದರೆ ಜಿಗುಟಾಗದೆ ಇನ್ನೇನಾಗುತ್ತದೆ? ಆ ಜಿಗುಟಿಗೆ ಧೂಳು ಮೆತ್ತಿ ಬಿಳಿ ಮಗ್ಗುಲು ಕೊಳಕಾಗುತ್ತದೆ. ಪೂರ್ತಿ ಒಣ ಕಲ್ಲು, ಒಣ ಬೀಜ, ಒಣ ಕೈ. ಪುಡಿಯನ್ನು ಆಗಾಗ ಹಳೆಯ ಪಂಚೆಯ ತುಂಡಿನಿಂದ ಒರೆಸಿದರೆ ಸಾಕು.

ಎಷ್ಟು ಉಜ್ಜಬೇಕು ಎಂಬುದೇ ಮುಖ್ಯ. ಮೊದಲು ನಡುವೆ ಒಂದು ಬಿಳಿ ಚುಕ್ಕೆ ಕಾಣುತ್ತದೆ, ಆಮೇಲೆ ಅದು ಅಗಲವಾಗುತ್ತಾ ಆ ಮೊಟ್ಟೆಯಾಕಾರದ ಗೆರೆಯನ್ನು ಮುಟ್ಟುತ್ತದೆ. ಗೆರೆಯನ್ನು ದಾಟಿ, ಸುತ್ತಲೂ ಉಗುರಿನ ಅಂಚಿನಷ್ಟು ಕಂದು ಉಳಿದಾಗ ಕೈ ನಿಲ್ಲಿಸಿ. ಬೆಳ್ಳಗೆ ಮಾಡಬೇಕೆಂಬ ಹುಮ್ಮಸ್ಸಿನಲ್ಲಿ ಇನ್ನೂ ಉಜ್ಜಿದರೆ ಆ ಮಗ್ಗುಲು ಹಲಗೆಯಂತೆ ಮಟ್ಟಸವಾಗಿ, ನೆಲಕ್ಕೆ ಬಿದ್ದಾಗ ಅದೇ ಕೆಳಗಾಗಿ ಕೂರುತ್ತದೆ, ಉಬ್ಬಿದ ಕಂದು ಮೈ ಮೇಲಾಗುತ್ತದೆ. ಅಡಕತ್ತರಿಯಲ್ಲಿ ಸೀಳಿದ ಹೋಳುಗಳ ಕಥೆಯೂ ಇದೇ. ನಾಲ್ಕೂ ಕಂದು ಮೇಲಾದರೆ ಬಾರ, ಎಂದರೆ 8. ನಾಲ್ಕೂ ಬಿಳಿ ಮೇಲಾದರೆ ಚೌಕ, 4. ಉಳಿದಂತೆ ಎಷ್ಟು ಬಿಳಿ ಮೇಲಾಗುತ್ತದೋ ಅಷ್ಟು ಬಿದ್ದಂತೆ. ಸುಮ್ಮಸುಮ್ಮನೆ ಬಾರ ಬೀಳುತ್ತಿದ್ದರೆ ಅದೃಷ್ಟ ಒಲಿದಿದೆ ಎಂದು ಹಿಗ್ಗಬೇಡಿ, ಬೀಜ ತಿರುಗಿಸಿ ನೋಡಿ.

ಹೊಸ ಬೀಜಗಳನ್ನು ಪರೀಕ್ಷಿಸದೆ ಆಟಕ್ಕೆ ತರಬಾರದು. ಒಂದೊಂದನ್ನೂ ಬೇರೆಯಾಗಿ ಜಮಖಾನದ ಮೇಲೆ ಹಾಕುತ್ತಾ ಹೋಗಿ. ಬಿಳಿಯೂ ಕಂದೂ ಹೆಚ್ಚುಕಡಿಮೆ ಸಮವಾಗಿ ಬರಬೇಕು. ಬಿಳಿಯೇ ಹೆಚ್ಚು ಬಂದರೆ ಇನ್ನು ನಾಲ್ಕು ಸುತ್ತು ಉಜ್ಜಿ; ಕಂದೇ ಹೆಚ್ಚು ಬಂದರೆ ಅದನ್ನು ಸರಿಮಾಡಲಾಗದು, ಬಿಡಿ. ಆಮೇಲೆ ನಾಲ್ಕನ್ನೂ ಒಟ್ಟಿಗೆ ಹಾಕಿ. ಲೆಕ್ಕದ ಮೇಷ್ಟರಾಗಿದ್ದ ನಮ್ಮ ತಾತ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದ್ದರು: ನಾಲ್ಕು ಬೀಜ ಬೀಳುವ ಬಗೆ ಒಟ್ಟು 16. ಅದರಲ್ಲಿ ಎರಡು ಬೀಳುವುದು 6 ಬಗೆ, ಒಂದು ಬೀಳುವುದು 4, ಮೂರು ಬೀಳುವುದು 4, ಚೌಕ ಒಂದೇ, ಬಾರ ಒಂದೇ. ಆದ್ದರಿಂದ ಒಳ್ಳೆಯ ಬೀಜದಲ್ಲಿ ಎರಡು ಹೆಚ್ಚು ಬೀಳಬೇಕು, ಚೌಕ ಬಾರಗಳು ಅಪರೂಪವಾಗಿ ಬೀಳಬೇಕು. ಅಪರೂಪವಾಗಿದ್ದರೆ ತಾನೆ ಬಿದ್ದಾಗ ಮನೆ ಹಾರಿ ಹೋಗುವಂತೆ ಕೂಗುವುದು! ನಮ್ಮ ಸೋದರತ್ತೆ ಬಾರ ಹಾಕಿದರೆ ಅಗ್ರಹಾರದ ಬೀದಿಯ ಆ ತುದಿಗೆ ಕೇಳುತ್ತಿತ್ತು.

ಪಟ ಬರೆಯುವುದು ಸುಲಭ, ಆದರೂ ತಪ್ಪು ಬರೆಯುತ್ತಾರೆ. ಐದಕ್ಕೆ ಐದು, ಒಟ್ಟು 25 ಮನೆ. ಎದುರಾಳಿಯ ಕಾಯಿಯನ್ನು ಕಡಿದು ಹಿಂದಕ್ಕೆ ಕಳಿಸಲಾಗದ ಮನೆಗಳ ಕತ್ತರಿ ಗುರುತು ಬರುವುದು ನಾಲ್ಕು ಬದಿಗಳ ನಡುಮನೆಗೆ ಮತ್ತು ಪಟದ ಮಧ್ಯದ ಮನೆಗೆ, ಮೂಲೆಗಳಿಗಲ್ಲ. ಮೂಲೆಗೆ ಹಾಕಿದರೆ ಕಾಯಿ ಕಡಿಯುವ ಜಾಗವೇ ಕೆಟ್ಟುಹೋಗುತ್ತದೆ. ನಂಟರೊಬ್ಬರು ನಮ್ಮ ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗಿ, ಗೋಡೆಯ ಮೇಲೆ ಬರೆದಿರುವ ಆಟದ ಪಟಗಳ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಬಂದು ನನಗೆ ತೋರಿಸಿದರು. 1868ರಲ್ಲಿ ತೀರಿಕೊಂಡ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಇಂಥ ಆಟಗಳೆಂದರೆ ಪ್ರಾಣ, ಹೊಸ ಹೊಸ ಪಟಗಳನ್ನು ತಾವೇ ಯೋಚಿಸಿ ಮಾಡಿಸುತ್ತಿದ್ದರು. ಅಂಥ ಅರಸರ ಊರಿನಲ್ಲಿ ಹುಟ್ಟಿ, ಸೀಮೆಸುಣ್ಣ ಕೈಗೆ ಕೊಟ್ಟರೆ ಚೌಕಾಬಾರದ ಮನೆ ಬರೆಯಲು ಬರುವುದಿಲ್ಲ ಎಂದರೆ ನಾನು ಏನು ಹೇಳಲಿ? ಕೆಂಪು ನೆಲವಿದ್ದರೆ ಸೀಮೆಸುಣ್ಣ, ಬಿಳಿ ನೆಲವಿದ್ದರೆ ಇದ್ದಿಲು. ಆಟ ಮುಗಿದ ಮೇಲೆ ಒರೆಸುವುದು ಸೋತವರ ಕೆಲಸ, ನಮ್ಮಲ್ಲಿ ಅದು ಕಡ್ಡಾಯ.

ಕಾಯಿಗಳಿಗೆ ಬಳೆಚೂರು, ಅವರೆಕಾಳು, ಅಂಗಿಯ ಗುಂಡಿ, ಕಡ್ಡಿಚೂರು ಯಾವುದಾದರೂ ಆದೀತು, ಒಬ್ಬೊಬ್ಬರಿಗೆ ನಾಲ್ಕು. ಹುರಿಗಡಲೆ ಇಡಬೇಡಿ, ನಡುಮನೆ ಸೇರಿ ಹಣ್ಣಾಗುವ ಮೊದಲೇ ಹೊಟ್ಟೆಗೆ ಹೋಗುತ್ತದೆ.

ಕವಡೆಯಲ್ಲೇ ಆಡುತ್ತೇವೆ ಎನ್ನುವವರು ದೇವರಾಜ ಮಾರುಕಟ್ಟೆಯ ಸುತ್ತಮುತ್ತ ಗ್ರಂಧಿಗೆ ಅಂಗಡಿಯಲ್ಲಿ ಕೇಳಿ. ಒಂದೇ ಅಳತೆಯವನ್ನು ನೀವೇ ಕೈಯಾರೆ ಆರಿಸಿ, ಅಂಗಡಿಯವರು ಹಿಡಿ ತುಂಬಿ ಕೊಟ್ಟದ್ದನ್ನು ಕಣ್ಣು ಮುಚ್ಚಿ ತರಬೇಡಿ. ಬಾಯಿಯ ಅಂಚು ಒಡೆದಿರಬಾರದು. ಕವಡೆಯನ್ನು ಬರಿ ನೆಲಕ್ಕೆ ಎಸೆದರೆ ಸವೆದು ಸೀಳುತ್ತದೆ, ಕೆಳಗೆ ಜಮಖಾನ ಹಾಸಿ.

ಅಳಗುಳಿಮಣೆ ಅಟ್ಟದಲ್ಲಿ ಬಿದ್ದಿದ್ದರೆ ಈಗಲೇ ಇಳಿಸಿ. ಆದರೆ ನಲ್ಲಿಯ ಕೆಳಗೆ ಹಿಡಿದು ತೊಳೆಯಬೇಡಿ, ನಿಮ್ಮ ಪುಣ್ಯ! ಮರ ನೀರು ಕುಡಿದು ಬಾಗುತ್ತದೆ. ಒಣಬಟ್ಟೆಯನ್ನು ಕಡ್ಡಿಗೆ ಸುತ್ತಿ ಗುಳಿಗಳ ಧೂಳು ತೆಗೆದು, ಬೆರಳ ತುದಿಗೆ ಅಂಟುವಷ್ಟು ಕೊಬ್ಬರಿ ಎಣ್ಣೆ ಹಚ್ಚಿ, ಮರುದಿನ ಒರೆಸಿಬಿಡಿ. ಗುಳಿ 14, ಗುಳಿಗೆ ಐದೈದು ಹಾಕಿದರೆ 70 ಬೀಜ ಬೇಕು, ಮೇಲೆ ಒಂದಿಷ್ಟು ಇರಲಿ, ಕಳೆಯದೆ ಇರುವುದಿಲ್ಲ. ಇದಕ್ಕೆ ಉಜ್ಜದ ಹುಣಸೆ ಬೀಜವೇ ಚೆನ್ನ. ಚೆಂದವೆಂದು ಗುಲಗಂಜಿ ತುಂಬುವವರಿಗೆ ಕೈಮುಗಿದು ಹೇಳುತ್ತೇನೆ: ಅದು ವಿಷ. ಅಗಿದು ನುಂಗಿದರೆ ಜೀವಕ್ಕೇ ಅಪಾಯ. ಸಿಕ್ಕಿದ್ದನ್ನು ಬಾಯಿಗಿಡುವ ಮಗು ಇರುವ ಮನೆಯಲ್ಲಿ ಗುಲಗಂಜಿ ಬೇಡವೇ ಬೇಡ.

ಚೌಕಾಬಾರಕ್ಕೆ ಕೂರುವ ಮೊದಲು ಕಟ್ಟುಪಾಡು ಮಾತಾಡಿಕೊಳ್ಳಿ. ಒಂದೊಂದು ಮನೆಯದು ಒಂದೊಂದು ರೀತಿ. ನಮ್ಮಲ್ಲಿ ಚೌಕ ಅಥವಾ ಬಾರ ಬಿದ್ದರೆ ಇನ್ನೊಂದು ಗರ, ಎಂದರೆ ಇನ್ನೊಮ್ಮೆ ಬೀಜ ಹಾಕುವುದು, ಕಾಯಿ ಕಡಿದರೂ ಇನ್ನೊಂದು ಗರ, ಒಂದಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ. ಬೀಜ ಓರೆಯಾಗಿ ಒರಗಿ ನಿಂತರೆ ಮತ್ತೆ ಹಾಕಬೇಕು. ಶಿವರಾತ್ರಿಯ ಜಾಗರಣೆಗೆ ಮನೆಮಂದಿಯೆಲ್ಲ ಕುಳಿತಾಗ ಈ ಮಾತು ಮೊದಲೇ ಆಗದಿದ್ದರೆ ನಡುರಾತ್ರಿಯ ಹೊತ್ತಿಗೆ ಜಗಳವಾಗಿ ಒಬ್ಬರು ಮುಸುಕು ಹೊದ್ದು ಮಲಗುವುದು ಖಂಡಿತ. ದೊಡ್ಡವರು ಮಕ್ಕಳಿಗೆ ಬೇಕೆಂದೇ ಸೋಲುವುದೂ ಬೇಡ. ನಮ್ಮ ಸೋದರತ್ತೆ ಹಣ್ಣಾಗಲು ಒಂದೇ ಮನೆ ಉಳಿದಿದ್ದ ನನ್ನ ಕಾಯಿಯನ್ನು ಮುಲಾಜಿಲ್ಲದೆ ಕಡಿದು ಮನೆಗೆ ಕಳಿಸುತ್ತಿದ್ದರು, ನಾನು ಅತ್ತರೂ ಕರಗುತ್ತಿರಲಿಲ್ಲ. ಅದಕ್ಕೇ ಅವರನ್ನು ಸೋಲಿಸಿದ ದಿನ ನನಗೆ ಊಟ ಸೇರಿರಲಿಲ್ಲ, ಅಷ್ಟು ಹಿಗ್ಗು.

ಆಟವಾದ ಮೇಲೆ ಬೀಜಗಳನ್ನು ಒರೆಸಿ ಸಣ್ಣ ಬಟ್ಟೆಚೀಲಕ್ಕೆ ಹಾಕಿ, ಜೊತೆಗೆ ಒಂದು ತುಂಡು ಬಜೆ ಇಡಿ, ಹುಳ ಬರುವುದಿಲ್ಲ. ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟರೆ ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ. ನಾಲ್ಕರಲ್ಲಿ ಒಂದು ಕಳೆದರೆ ಮೂರು ಹಳೆಯದಕ್ಕೆ ಒಂದು ಹೊಸದನ್ನು ಸೇರಿಸಿ ಆಡಬೇಡಿ. ಕೈಯಲ್ಲಿ ಕುಲುಕಿ ಕುಲುಕಿ ಹಳೆಯವು ನುಣುಪಾಗಿರುತ್ತವೆ, ಹೊಸದು ಅವುಗಳ ಜೊತೆ ಉರುಳುವುದಿಲ್ಲ. ಸೋಮಾರಿತನ ಮಾಡದೆ ಜಗಲಿಗೆ ಹೋಗಿ ನಾಲ್ಕನ್ನೂ ಹೊಸದಾಗಿ ಉಜ್ಜಿಕೊಂಡು ಬನ್ನಿ.