ಹಿತ್ತಲ ಸೂರಕ್ಕಿಗೆ ನಾಲ್ಕು ಫ್ಲ್ಯಾಶ್

ಹಮ್ಮಿಂಗ್‌ಬರ್ಡ್ ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ಚಿತ್ರದುರ್ಗದ ನಮ್ಮ ಹಿತ್ತಲಿಗೆ ಬರುವುದು ಸೂರಕ್ಕಿ. ಮಕರಂದದ ಆಸೆ ಒಂದೇ, ನೆಂಟಸ್ತನವಿಲ್ಲ. ತಮಾಷೆಯೆಂದರೆ, ಸೂರಕ್ಕಿ ಮುಗಿಬೀಳುವ ನಮ್ಮ ಹಮೇಲಿಯಾ ಗಿಡ ಅಲ್ಲಿಂದಲೇ ಬಂದದ್ದು. ಗಿಡ ಬಂದ ಮೇಲೆ, ಹಾರುವ ಹಮ್ಮಿಂಗ್‌ಬರ್ಡ್‌ನ ರೆಕ್ಕೆಯನ್ನು ಚಿತ್ರದಲ್ಲಿ ಚೂಪಾಗಿ ಹಿಡಿಯಲು ಅಲ್ಲಿನ ಫೋಟೋಗ್ರಾಫರುಗಳು ಬಳಸುವ ಹಲವು ಫ್ಲ್ಯಾಶ್‌ಗಳ ವಿದ್ಯೆಯೂ ಬರಲಿ ಅಂದುಕೊಂಡೆ.

ಇಲ್ಲಿ ರೆಕ್ಕೆ ನಿಲ್ಲಿಸುವುದು ಕ್ಯಾಮೆರಾದ ಶಟರ್ ಅಲ್ಲ, ಫ್ಲ್ಯಾಶಿನ ಮಿಂಚು. ಪೂರ್ತಿ ಪವರ್‌ನಲ್ಲಿ ಆ ಮಿಂಚು ಉದ್ದ. 1/32ಕ್ಕೆ ಇಳಿಸಿದರೆ ಸುಮಾರು ಸೆಕೆಂಡಿನ ಹತ್ತು ಸಾವಿರದಲ್ಲೊಂದು ಭಾಗ. ಬೆಳಕು ಕಡಿಮೆಯಾಗುವುದರಿಂದಲೇ ನಾಲ್ಕು ಬೇಕು. ಹೂವಿನಿಂದ ಎರಡಡಿ ದೂರದಲ್ಲಿ ಮುಂದೆ ಎರಡು, ಹಿಂದಿನಿಂದ ಮೇಲೊಂದು, ಹಿನ್ನೆಲೆಗೊಂದು.

ಮೊದಲ ದಿನದ ಚಿತ್ರದಲ್ಲಿ ಚೂಪಾದ ರೆಕ್ಕೆಯ ಪಕ್ಕ ಹೊಗೆಯಂಥ ಇನ್ನೊಂದು ರೆಕ್ಕೆ! ಫ್ಲ್ಯಾಶ್ ಸಾಲದೆಂದು ಪವರ್ ಏರಿಸಿದೆ, ಇನ್ನೂ ಕೆಟ್ಟಿತು. ಕಳ್ಳ ಬಿಸಿಲು. 1/200 ಸೆಕೆಂಡ್ ಶಟರ್ ತೆರೆದಿರುವಷ್ಟರಲ್ಲಿ ಅದೂ ತನ್ನ ಚಿತ್ರ ಬರೆಯುತ್ತಿತ್ತು. ಗಿಡದ ಮೇಲೆ ಶೇಡ್‌ನೆಟ್ಟನ್ನು ಎರಡು ಮಡಿಕೆ ಕಟ್ಟಿ, ಬೆಳಕು ಹೀರುವ ಐಎಸ್‌ಒ 200ಕ್ಕೆ, ಲೆನ್ಸಿನ ಕಿಂಡಿ ಕಿರಿದಾಗಿ ಎಫ್/16ಕ್ಕೆ ತಂದೆ. ಅಂದಿನಿಂದ ಮೊದಲ ಫ್ರೇಮ್ ಫ್ಲ್ಯಾಶ್ ಆರಿಸಿಯೇ ತೆಗೆಯುವುದು. ಅದು ಕಗ್ಗತ್ತಲಾಗಿ ಬಂದರೆ ಮಾತ್ರ ಮುಂದಿನ ಕೆಲಸ.

ಆದರೆ ಹಿನ್ನೆಲೆಯ ಫ್ಲ್ಯಾಶಿಗೆ ತಾಗಲು ಹತ್ತಿರ ಏನೂ ಇಲ್ಲದೆ ಅದೂ ಕತ್ತಲಾಗಿ, ಹಕ್ಕಿ ನಡುರಾತ್ರಿ ಹಾರಿದಂತಿತ್ತು. ಅಮ್ಮನ ಹಳೆ ಹಸಿರು ಸೀರೆ ಹಿಂದೆ ಕಟ್ಟಿದೆ. ಅಂಚಿನ ಜರಿ ಕೊಕ್ಕಿನ ಮೇಲೇ ಮಿನುಗಿತು! ಅಂಚು ಒಳಕ್ಕೆ ಮಡಚುತ್ತಿದ್ದಾಗ ಅಮ್ಮ, "ಚಪ್ಪರ ಆಯ್ತು, ಲೈಟ್ ಆಯ್ತು, ವಾಲಗ ಒಂದು ಬಾಕಿ ಕಣೋ" ಅಂದಳು.

ಇಷ್ಟಾದರೂ ಸೂರಕ್ಕಿ ಹಾರುತ್ತ ನಿಲ್ಲಬೇಕಲ್ಲ! ಕೂರಲು ಕಡ್ಡಿ ಸಿಕ್ಕರೆ ಕೂತೇ ಕುಡಿಯುವ ಸೋಮಾರಿ ಅದು. ಒಂದು ಗೊಂಚಲಿನ ಸುತ್ತಲಿನ ರೆಂಬೆಗಳನ್ನೆಲ್ಲ ಹಿಂದಕ್ಕೆಳೆದು ದಾರ ಕಟ್ಟಿದೆ. ಎರಡು ದಿನ ಮುನಿಸಿಕೊಂಡಿದ್ದು, ಮೂರನೇ ಬೆಳಿಗ್ಗೆ ಎರಡು ಸೆಕೆಂಡು ಗಾಳಿಯಲ್ಲೇ ನಿಂತಿತು. ಹಣೆಯ ಮೇಲೆ ಹಳದಿ ಪರಾಗ, ಬಾಲ ಬೀಸಣಿಗೆಯಂತೆ ಬಿಚ್ಚಿದೆ, ರೆಕ್ಕೆಯ ಗರಿಗಳನ್ನು ಒಂದೊಂದಾಗಿ ಎಣಿಸಬಹುದು.

ಗುಡ್ಡದ ಮೇಲೆ ಗಾಳಿಯಂತ್ರ ತಿರುಗುವ ಊರಿದು. ಆಷಾಢದಲ್ಲಿ ಹೂವೇ ಫೋಕಸ್ ಬಿಟ್ಟು ಓಡುತ್ತದೆ. ನೂರಾರು ಫ್ರೇಮಿನಲ್ಲಿ ಇಟ್ಟುಕೊಂಡದ್ದು ಆರು. ಹೆಣ್ಣು ಹಕ್ಕಿ ಕೊಕ್ಕಿನಲ್ಲಿ ಜೇಡರಬಲೆ ಕಚ್ಚಿಕೊಂಡು ಸಪೋಟ ಮರದತ್ತ ಹೋದದ್ದು ಕಂಡ ದಿನ ಸ್ಟ್ಯಾಂಡ್‌ಗಳನ್ನು ಮಡಚಿಟ್ಟೆ. ಗೂಡಿನ ಹತ್ತಿರ ಫ್ಲ್ಯಾಶ್ ಹೊಡೆಯುವುದಿಲ್ಲ.